‘ಹೊಟ್ಟೆ ಆಪರೇಷನ್’ ಎಂದರೆ ಯಾವ ಆಪರೇಷನ್?

ಕನ್ನಡದ ‘ಹೊಟ್ಟೆ’ ಬಹಳ ದೊಡ್ಡ ಪದ. ಹಸಿಯುವುದೂ ಹೊಟ್ಟೆ, ಉರಿಯುವುದೂ ಹೊಟ್ಟೆ, ಮಗು ಬೆಳೆಯುವುದೂ ಹೊಟ್ಟೆಯಲ್ಲೇ. ದಿನದ ಮಾತಿಗೆ ಇದರಿಂದ ತೊಂದರೆಯಿಲ್ಲ. ಆದರೆ ಕಣ್ಣು ಹಳದಿಯಾಗಿ ಚಳಿಜ್ವರದಿಂದ ನಡುಗುವ ಅಪ್ಪನನ್ನು ಪುಣೆಯ ಆಸ್ಪತ್ರೆಗೆ ಕರೆತಂದ ಮಗ ‘ಊರಲ್ಲಿದ್ದಾಗ ಹೊಟ್ಟೆ ಆಪರೇಷನ್ ಆಗಿತ್ತು’ ಎಂದಷ್ಟೇ ಹೇಳಿದರೆ ವೈದ್ಯರಿಗೆ ಬೇಕಾದದ್ದು ಸಿಗುವುದಿಲ್ಲ. ಅಪೆಂಡಿಕ್ಸೋ, ಹರ್ನಿಯಾವೋ, ಜಠರವನ್ನೇ ಕತ್ತರಿಸಿದ್ದರೋ?

ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಾಗ ಈ ಪ್ರಶ್ನೆಯ ಉತ್ತರ ಚಿಕಿತ್ಸೆಯ ದಾರಿಯನ್ನೇ ಬದಲಿಸಬಹುದು. ಇಆರ್‌ಸಿಪಿ ಎಂಬ ವಿಧಾನದಲ್ಲಿ ಎಂಡೋಸ್ಕೋಪನ್ನು ಬಾಯಿಂದ ಜಠರದ ಮೂಲಕ ಸಣ್ಣ ಕರುಳಿನ ಆರಂಭಕ್ಕೆ ಇಳಿಸಿ, ಅಲ್ಲಿ ತೆರೆದುಕೊಳ್ಳುವ ಪಿತ್ತನಾಳದ ಬಾಯನ್ನು ತುಸು ಕೊಯ್ದು ಕಲ್ಲನ್ನು ಹೊರಗೆಳೆಯುತ್ತಾರೆ. 1974ರಲ್ಲಿ ಜರ್ಮನಿ ಮತ್ತು ಜಪಾನಿನ ವೈದ್ಯರು ಈ ಕ್ರಮವನ್ನು ಪ್ರಕಟಿಸಿದ ಮೇಲೆ ಅಸಂಖ್ಯ ರೋಗಿಗಳಿಗೆ ದೊಡ್ಡ ಶಸ್ತ್ರಚಿಕಿತ್ಸೆ ತಪ್ಪಿದೆ.

ಜಠರದ ಆಪರೇಷನ್ ಆದವರಲ್ಲಿ ಈ ದಾರಿ ಮೊದಲಿನಂತೆ ಇರದೇ ಹೋಗಬಹುದು. ‘ಬಿಲ್‌ರಾತ್ 2’ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಕೆಳಭಾಗ ತೆಗೆದು, ಉಳಿದದ್ದನ್ನು ಮುಂದಿನ ಕರುಳಿಗೆ ಹೊಲಿಯುತ್ತಾರೆ. ಆಗ ಪಿತ್ತನಾಳದ ಬಾಯನ್ನು ಕೆಳಗಿನಿಂದ ಹತ್ತಿ ತಲುಪಬೇಕು. ಅದು ತಲೆಕೆಳಗಾಗಿ ಕಾಣುತ್ತದೆ, ಕರುಳು ತೂತಾಗುವ ಅಪಾಯವೂ ಹೆಚ್ಚು. ‘ರೂ-ಆನ್-ವೈ’ ಜೋಡಣೆಯಲ್ಲಿ ಹಾದಿ ಇನ್ನೂ ಉದ್ದ, ಮಾಮೂಲಿ ಸ್ಕೋಪ್ ಅಲ್ಲಿಗೆ ಎಟುಕದಿರುವುದೇ ಹೆಚ್ಚು. ಬಲೂನ್ ನೆರವಿನ ಉದ್ದನೆಯ ಸ್ಕೋಪ್ ಬೇಕಾಗುತ್ತದೆ, ಇಲ್ಲವೇ ಲ್ಯಾಪರೋಸ್ಕೋಪಿ ಜತೆಗೂಡಬೇಕು, ಅಥವಾ ಯಕೃತ್ತಿನೊಳಗಿಂದ ಸೂಜಿ ಹಾಕಿ ನಾಳ ಸೇರಬೇಕು. ಈ ಸೌಕರ್ಯ, ಈ ಕೈಪಳಗು ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ.

ಅಲ್ಸರ್‌ಗೆ ಒಳ್ಳೆಯ ಮಾತ್ರೆಗಳು ಬರುವ ಮುಂಚೆ ದಕ್ಷಿಣ ಭಾರತದಲ್ಲಿ ಅದಕ್ಕೆ ಆಪರೇಷನ್ ಮಾಡುವುದು ಸಾಮಾನ್ಯವಾಗಿತ್ತು. ಆಗ ಮಾಡಿಸಿಕೊಂಡವರು ಇಂದು ಮಕ್ಕಳ ಜತೆ ದೂರದ ನಗರಗಳಲ್ಲಿದ್ದಾರೆ. ಈಗ ಕ್ಯಾನ್ಸರ್‌ಗೆ, ಬೊಜ್ಜಿಗೆ ಜಠರದ ಆಪರೇಷನ್ ನಡೆಯುತ್ತಿದೆ. ಜಠರ ತೆಗೆದ ಮೇಲೆ, ತೂಕ ಬೇಗ ಇಳಿದ ಮೇಲೆ ಪಿತ್ತದ ಕಲ್ಲಾಗುವ ಸಂಭವವೂ ಹೆಚ್ಚುತ್ತದೆ.

ಸ್ಕ್ಯಾನ್ ಮಾಡಿದರೆ ಕಾಣುವುದಿಲ್ಲವೇ ಎನ್ನಬಹುದು. ಕರುಳಿನ ಹೊಸ ಜೋಡಣೆ ಸ್ಕ್ಯಾನಿನಲ್ಲಿ ಹಲವು ಸಲ ಗೊತ್ತಾಗುತ್ತದೆ ನಿಜ, ಆದರೆ ಕರುಳಿನ ಯಾವ ತುಂಡನ್ನು ಎಷ್ಟು ಉದ್ದ ಬಿಟ್ಟು ಎಲ್ಲಿಗೆ ಜೋಡಿಸಿದ್ದಾರೆ ಎಂಬುದನ್ನು ಹಳೆಯ ಆಪರೇಷನ್ ಟಿಪ್ಪಣಿಯಷ್ಟು ಸ್ಪಷ್ಟವಾಗಿ ಅದು ಹೇಳದು. ಪಿತ್ತನಾಳಕ್ಕೆ ಸೋಂಕು ಹತ್ತಿದರೆ ಜೀವಕ್ಕೇ ಕುತ್ತು. ರೋಗಿಯನ್ನು ಯಾವ ಆಸ್ಪತ್ರೆಗೆ ಕಳಿಸಬೇಕೆಂಬ ತೀರ್ಮಾನ ತಡವಾಗಬಾರದು.

ಹಾಗಾಗಿ ಜಠರದ ಆಪರೇಷನ್ ಮಾಡುವ ಪ್ರತಿ ಆಸ್ಪತ್ರೆಯೂ ಡಿಸ್ಚಾರ್ಜ್ ಸಮ್ಮರಿಯ ಮೇಲ್ತುದಿಯಲ್ಲಿ ಎರಡು ಕೆಲಸ ಮಾಡಬೇಕು: ಏನು ತೆಗೆದೆವು, ಯಾವುದನ್ನು ಎಲ್ಲಿಗೆ ಜೋಡಿಸಿದೆವು ಎಂದು ರೋಗಿಯ ಭಾಷೆಯಲ್ಲಿ ನಾಲ್ಕು ಸಾಲು ಬರೆಯಬೇಕು, ಪಕ್ಕದಲ್ಲೊಂದು ಗೆರೆಚಿತ್ರ ಹಾಕಬೇಕು. ಸಾಲುಗಳು ಮನೆಯವರಿಗೆ, ಚಿತ್ರ ಯಾವ ಊರಿನ ವೈದ್ಯರಿಗಾದರೂ ಸರಿ. ‘ಜಠರ’ ಎಂಬ ಪದ ಶಾಲೆಯ ಪುಸ್ತಕದಲ್ಲಿ ಎಂದಿನಿಂದಲೂ ಇದೆ, ರೋಗಿಯ ಕಾಗದಕ್ಕೆ ಬಂದಿಲ್ಲ ಅಷ್ಟೆ.

ಅದು ಬರುವವರೆಗೆ ಮನೆಯವರು ಮಾಡಬಹುದಾದದ್ದು ಒಂದಿದೆ. ಊರಿನ ಬೀರುವಿನಲ್ಲಿರುವ ಆ ಹಳೆಯ ಫೈಲು ಹುಡುಕಿ, ಫೋಟೊ ತೆಗೆದು, ಎಲ್ಲ ಮಕ್ಕಳ ಫೋನಿನಲ್ಲೂ ಇಟ್ಟುಕೊಳ್ಳುವುದು.