ಕಾಂಡಕೋಶ ಬಂದರೂ ನೇತ್ರದಾನ ಬೇಕು

ಸುಣ್ಣ ಅಥವಾ ಆಸಿಡ್ ಬಿದ್ದು ಕಣ್ಣು ಸುಟ್ಟಾಗ ಕಾರ್ನಿಯಾದ ಅಂಚಿನಲ್ಲಿರುವ ಸ್ಟೆಮ್ ಸೆಲ್, ಅಂದರೆ ಕಾಂಡಕೋಶಗಳು, ನಾಶವಾಗುತ್ತವೆ. ಅವಿಲ್ಲದ ಕಣ್ಣಿಗೆ ದಾನದ ಕಾರ್ನಿಯಾ ಜೋಡಿಸಿದರೂ ಅದು ಮತ್ತೆ ಮಸುಕಾಗುತ್ತದೆ. ಆದ್ದರಿಂದ ರೋಗಿಯ ಇನ್ನೊಂದು ಆರೋಗ್ಯವಂತ ಕಣ್ಣಿನ ಕಾಂಡಕೋಶಗಳಿಂದ ಮೊದಲು ಮೇಲ್ಪದರವನ್ನು ಸರಿಪಡಿಸುತ್ತಾರೆ. 2012ರಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು ಇದಕ್ಕೊಂದು ಸರಳ ವಿಧಾನ ಪ್ರಕಟಿಸಿದರು.

ಭ್ರೂಣ ನಾಶಮಾಡಿ ಪಡೆದ ಕೋಶಗಳನ್ನು ಧರ್ಮಸಭೆ ಒಪ್ಪುವುದಿಲ್ಲ. ಇವು ರೋಗಿಯವೇ ಆದ್ದರಿಂದ ಆಕ್ಷೇಪವಿಲ್ಲ.

ಆದರೆ ಕಲೆ ಆಳವಾಗಿದ್ದರೆ ಬಳಿಕ ಕಾರ್ನಿಯಾ ಕಸಿಯೂ ಬೇಕು. ಅದಕ್ಕೆ ಮೃತರ ನೇತ್ರದಾನವೇ ಆಧಾರ. ಪೋಪ್ ಹನ್ನೆರಡನೇ ಪಿಯುಸ್ 1956ರಲ್ಲೇ ಇದಕ್ಕೆ ಸಮ್ಮತಿಸಿದ್ದರು. ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರಷ್ಟೇ ಸಾಲದು; ಮನೆಯವರು ಒಪ್ಪಬೇಕು, ಸುಮಾರು 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಮರಣದ ಮನೆಗೆ ಮೊದಲು ತಲಪುವ ಗುರುಗಳೂ ಗುರಿಕಾರರೂ ಈ ಮಾತನ್ನು ಸಂಕೋಚವಿಲ್ಲದೆ ಎತ್ತಬೇಕೆಂಬುದು ನಮ್ಮ ವಿನಂತಿ.