ಬಿಳಿಯ ಫಲಕದಲ್ಲಿ ಅಕ್ಕಸಾಲೆಯ ಗುರುತು

ಪ್ರಭಾವತಿ ಮೆಪ್ಪಯಿಲ್ (ಜನನ 1965) ಅವರ ಕೃತಿಗಳನ್ನು ಪಾಶ್ಚಾತ್ಯ ಮಿನಿಮಲಿಸಂನ ಭಾರತೀಯ ಶಾಖೆಯೆಂದು ಓದುವುದು ಸುಲಭ. 2013ರ ವೆನಿಸ್ ಬಿನಾಲೆಯಲ್ಲಿ ಪಾಲ್ಗೊಂಡ ಈ ಕಲಾವಿದೆಯನ್ನು ಆಗ್ನೆಸ್ ಮಾರ್ಟಿನ್ ಅವರೊಡನೆ ಹೋಲಿಸುವುದೂ ಸಹಜವೇ. ಆದರೆ ಅಷ್ಟಕ್ಕೇ ನಿಂತ ಓದು ಅಪೂರ್ಣವೆಂಬುದು ನನ್ನ ಅಭಿಮತ.

ಬೆಂಗಳೂರಿನ ಅಕ್ಕಸಾಲಿಗ ಮನೆತನದಲ್ಲಿ ಹುಟ್ಟಿದ ಅವರು ಫಲಕಕ್ಕೆ ಜೆಸ್ಸೊ ಎಂಬ ಬಿಳಿಯ ಲೇಪವನ್ನು ಪದರಪದರವಾಗಿ ಹಚ್ಚುತ್ತಾರೆ. ತಾಮ್ರದ ತಂತಿಗಳನ್ನು ಅದರಲ್ಲಿ ಹುದುಗಿಸಿ, ಅವು ಅಲ್ಲಲ್ಲಿ ಇಣುಕುವಂತೆ ಮೇಲ್ಮೈಯನ್ನು ಉಜ್ಜುತ್ತಾರೆ. ಇನ್ನು ಕೆಲವು ಫಲಕಗಳಲ್ಲಿರುವುದು ಬಳೆಗೆ ವಿನ್ಯಾಸ ಮೂಡಿಸುವ ‘ತಿನ್ನಂ’ ಎಂಬ ಉಪಕರಣದ ಗುರುತುಗಳು ಮಾತ್ರ. ದೂರದಿಂದ ಬರಿದಾಗಿ ತೋರುವ ಬಿಳುಪು, ಹತ್ತಿರ ಸರಿದಂತೆ ಎಣಿಕೆಗೆ ಸಿಗದ ಪೆಟ್ಟುಗಳಾಗಿ ತೆರೆದುಕೊಳ್ಳುತ್ತದೆ. ಇಲ್ಲಿ ಒಡವೆಯಿಲ್ಲ, ಒಡವೆ ಮಾಡುವ ಕೈಯ ಅಭ್ಯಾಸವಿದೆ.

ಕವಿರಾಜಮಾರ್ಗದ ಕಾಲದಿಂದ ಅಲಂಕಾರವನ್ನು ಚರ್ಚಿಸುತ್ತ ಬಂದ ಸಾಹಿತ್ಯಾಸಕ್ತರಿಗೆ ಇದು ಮುಖ್ಯ ಪ್ರಶ್ನೆ: ಅಲಂಕಾರವನ್ನು ತೆಗೆದಿಟ್ಟ ಮೇಲೂ ಅದರ ಕ್ರಿಯೆ ಅರ್ಥವನ್ನು ಹೊರಬಲ್ಲದೆ? ಮೆಪ್ಪಯಿಲ್ ಅವರ ಫಲಕಗಳು ಹೌದೆನ್ನುತ್ತವೆ. ಆ ಉತ್ತರವನ್ನು ಅರಿಯಲು ಕಸುಬಿನ ಪದಕೋಶ ಬೇಕು. ‘ತಿನ್ನಂ’ ಎಂಬ ಹೆಸರನ್ನು ಅರಿಯದವನಿಗೆ ಆ ಗುರುತು ಬರಿಯ ಚುಕ್ಕಿ.

ಕಾರವಾರ, ಅಂಕೋಲೆಗಳಲ್ಲಿ ದೈವಜ್ಞ ಸಮುದಾಯದವರ ಅಕ್ಕಸಾಲೆ ಕೆಲಸಕ್ಕೆ ದೀರ್ಘ ಪರಂಪರೆಯಿದೆ. ಅಲ್ಲಿನ ಸಾಹಿತ್ಯ ವಿದ್ಯಾರ್ಥಿಗಳು ಉಪಕರಣಗಳ ಕನ್ನಡ, ಕೊಂಕಣಿ ಹೆಸರುಗಳನ್ನು ಹಿರಿಯ ಕಸುಬುದಾರರಿಂದ ಕೇಳಿ ದಾಖಲಿಸಬೇಕು. ಯಂತ್ರದ ಒಡವೆ ಅಂಗಡಿ ತುಂಬುತ್ತಿರುವಾಗ ಕೈಗೆಲಸದೊಡನೆ ಆ ಮಾತುಗಳೂ ಮರೆಯಾಗುತ್ತವೆ. ಅವು ಹೋದರೆ ಇಂಥ ಕಲೆಯನ್ನು ಓದಲು ನಮಗೆ ಎರವಲು ಪರಿಭಾಷೆಯೊಂದೇ ಗತಿ.