ಗಲ್ಲದ ಕೂದಲಿಗೆ ಪುದೀನ ಟೀ ಸಾಕಾ?

‘ಡಾಕ್ಟರು ಸ್ಪೈರೊನೊಲ್ಯಾಕ್ಟೋನ್ ಬರೆದುಕೊಟ್ಟಿದ್ದಾರೆ. ಅದು ಬಿಪಿ ಮಾತ್ರೆಯಂತೆ, ಬೇಡವೇ ಬೇಡ, ಪುದೀನ ಕಷಾಯ ಕುಡಿ ಸಾಕು ಅಂತಾರೆ ಅಮ್ಮ. ನವೆಂಬರಿನಲ್ಲಿ ಮದುವೆ ಬೇರೆ. ಏನು ಮಾಡ್ಲಿ?’

ಇಪ್ಪತ್ತೇಳು ವರ್ಷದ ಓದುಗರೊಬ್ಬರ ಪ್ರಶ್ನೆ ಇದು. ಪಿಸಿಒಎಸ್ ಇದೆ, ಮುಟ್ಟು ಎರಡು ತಿಂಗಳಿಗೊಮ್ಮೆ, ಗಲ್ಲದ ಮೇಲೆ ಗಡುಸಾದ ಕೂದಲು. ಆಫೀಸ್ ಕ್ಯಾಬ್ ಬರೋ ಮುಂಚೆ ದಿನಾ ಪ್ಲಕ್ಕರ್ ಹಿಡಿದು ಕನ್ನಡಿ ಮುಂದೆ ನಿಲ್ಲೋದು ಎಷ್ಟು ಸುಸ್ತು ಅಂತ ಅನುಭವಿಸಿದವರಿಗೇ ಗೊತ್ತು. ಅಮ್ಮನ ಮಾತನ್ನು ತಳ್ಳಿಹಾಕೋದೂ ಬೇಡ, ಕಣ್ಣುಮುಚ್ಚಿ ಒಪ್ಪೋದೂ ಬೇಡ.

ಟೆಸ್ಟೋಸ್ಟೆರಾನ್ ಅಂದ ತಕ್ಷಣ ಗಂಡಸರ ಹಾರ್ಮೋನು ಅಂತೀವಿ. ಆದರೆ ಹೆಣ್ಣಿನ ಅಂಡಾಶಯ, ಅಡ್ರಿನಲ್ ಗ್ರಂಥಿಗಳೂ ಸ್ವಲ್ಪ ತಯಾರಿಸುತ್ತವೆ. ಪಿಸಿಒಎಸ್ ಇರುವ ಹಲವರಲ್ಲಿ ಇನ್ಸುಲಿನ್ ಹೆಚ್ಚಿರುತ್ತದೆ. ಅದು ಒಂದು ಕಡೆ ಅಂಡಾಶಯಕ್ಕೆ ‘ಇನ್ನಷ್ಟು ಮಾಡು’ ಅನ್ನುತ್ತದೆ. ಇನ್ನೊಂದು ಕಡೆ, ರಕ್ತದಲ್ಲಿ ಈ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಲಿವರ್ ಕಡಿಮೆ ಮಾಡುವಂತೆ ನೋಡಿಕೊಳ್ಳುತ್ತದೆ. ಬಿಡಿಯಾಗಿ ತಿರುಗಾಡುವ ಹಾರ್ಮೋನು ಹೆಚ್ಚಾಗುತ್ತದೆ. ಗಲ್ಲದಲ್ಲಿ ಕೂದಲು, ಮೊಡವೆ, ನೆತ್ತಿಯಲ್ಲಿ ಕೂದಲು ತೆಳುವಾಗೋದು, ಎಲ್ಲ ಅದರ ಕೆಲಸ. ತೂಕ ಜಾಸ್ತಿ ಇದ್ದವರು ಶೇ. 5ರಿಂದ 10ರಷ್ಟು ಇಳಿಸಿದರೂ ಹಾರ್ಮೋನು ತಗ್ಗುತ್ತದೆ ಅನ್ನೋದು ಇದೇ ಕಾರಣಕ್ಕೆ. ಸಣ್ಣಗಿರುವವರಿಗೂ ಪಿಸಿಒಎಸ್ ಬರುತ್ತದೆ, ಅವರಿಗೆ ‘ತೂಕ ಇಳಿಸು’ ಅನ್ನೋದು ಅರ್ಥವಿಲ್ಲದ ಮಾತು.

ಈಗ ಪುದೀನ. ಇದು ಬರೀ ಅಜ್ಜಿ ಮಾತಲ್ಲ. ಟರ್ಕಿಯ ಇಸ್ಪಾರ್ಟಾದಲ್ಲಿ 21 ಮಹಿಳೆಯರಿಗೆ ಐದು ದಿನ, ದಿನಕ್ಕೆ ಎರಡು ಕಪ್ ಸ್ಪಿಯರ್‌ಮಿಂಟ್ ಟೀ ಕೊಟ್ಟು ನೋಡಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬಿಡಿ ಟೆಸ್ಟೋಸ್ಟೆರಾನ್ ಇಳಿದಿತ್ತು, ಒಟ್ಟು ಮಟ್ಟದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. 2010ರಲ್ಲಿ ಬ್ರಿಟನ್ನಿನಿಂದ ಬಂದ ಅಧ್ಯಯನ ಸ್ವಲ್ಪ ದೊಡ್ಡದು: 42 ಮಹಿಳೆಯರು, 30 ದಿನ, ಒಂದು ಗುಂಪಿಗೆ ಪುದೀನ, ಇನ್ನೊಂದಕ್ಕೆ ಬೇರೆ ಗಿಡಮೂಲಿಕೆ ಟೀ. ಹಾರ್ಮೋನು ಇಳಿಯಿತು. ಪುದೀನ ಕುಡಿದವರು ‘ನಮಗೆ ಪರವಾಗಿಲ್ಲ ಅನ್ನಿಸ್ತಿದೆ’ ಅಂದರು. ಆದರೆ ಕೂದಲಿನ ಪ್ರಮಾಣಕ್ಕೆ ಅಂಕ ಹಾಕಿ ನೋಡಿದರೆ ವ್ಯತ್ಯಾಸ ಕಾಣಲಿಲ್ಲ. ಕೂದಲು ನಿಧಾನದ ಗಿರಾಕಿ, ಒಂದು ತಿಂಗಳು ಅದಕ್ಕೆ ಏನೂ ಅಲ್ಲ. ನಾವು ಚಟ್ನಿಗೆ ಹಾಕೋ ಪುದೀನವೂ ಬಹುಮಟ್ಟಿಗೆ ಇದೇ ಜಾತಿಯದು. ಕುಡಿಯಿರಿ, ತೊಂದರೆ ಇಲ್ಲ. ಆದರೆ ನವೆಂಬರಿನ ಫೋಟೋಗಳಿಗೆ ಅದನ್ನೇ ನಂಬಿ ಕೂರಬೇಡಿ.

ಜೇಷ್ಠಮಧುವಿನ ವಿಷಯದಲ್ಲಿ ಮಾತ್ರ ನಾನು ಅಷ್ಟು ಉದಾರಿಯಲ್ಲ. ಅದೂ ಟೆಸ್ಟೋಸ್ಟೆರಾನ್ ಇಳಿಸುತ್ತದೆ ಎಂದು ಇಟಲಿಯ ಪುಟ್ಟ ಅಧ್ಯಯನಗಳು ಹೇಳಿವೆ, ಆದರೆ ದಿನಾ ತಿಂದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಬೀಳುತ್ತದೆ. ಇನ್ನು ‘ಹಾರ್ಮೋನ್ ಬ್ಯಾಲೆನ್ಸ್’ ಅಂತ ಮಾರೋ ಪುಡಿಗಳ ಡಬ್ಬಿ ತಿರುಗಿಸಿ ಓದಿ. ಎಷ್ಟೋ ಸಲ ಅಶ್ವಗಂಧ ಇರುತ್ತದೆ. ಗಂಡಸರ ಮೇಲೆ ನಡೆದ ಕೆಲವು ಅಧ್ಯಯನಗಳಲ್ಲಿ ಅದು ಟೆಸ್ಟೋಸ್ಟೆರಾನ್ ಏರಿಸಿದೆ! ನಮಗೆ ಬೇಕಾದ್ದು ಅದರ ಉಲ್ಟಾ ತಾನೆ?

ಮಾತ್ರೆಗೆ ಬರೋಣ. ಅಮ್ಮ ಹೇಳಿದ್ದು ಸರಿ, ಸ್ಪೈರೊನೊಲ್ಯಾಕ್ಟೋನ್ ಮೂಲತಃ ಬಿಪಿಗೆ, ಮೈ ಊತಕ್ಕೆ ಕೊಡುತ್ತಿದ್ದ ಔಷಧ. ಆದರೆ ಕೂದಲಿನ ಬುಡದಲ್ಲಿ ಟೆಸ್ಟೋಸ್ಟೆರಾನ್ ಕೂರುವ ಜಾಗದಲ್ಲಿ ಇದು ಹೋಗಿ ಕೂತುಬಿಡುತ್ತದೆ. ಹಾರ್ಮೋನು ರಕ್ತದಲ್ಲಿದ್ದರೂ ಅದರ ಮಾತು ಅಲ್ಲಿ ನಡೆಯಲ್ಲ. ಫಲ ಕಾಣಲು ಆರು ತಿಂಗಳಾದರೂ ಬೇಕು. ಪೊಟ್ಯಾಸಿಯಂ ಏರಬಹುದು, ಆದ್ದರಿಂದ ಕಿಡ್ನಿ ತೊಂದರೆ ಇದ್ದರೆ, ಬೇರೆ ಬಿಪಿ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ. ದಿನಾ ಎಳನೀರು ಕುಡಿಯೋ ಅಭ್ಯಾಸ ಇದ್ದರೆ ಅದನ್ನೂ ಹೇಳಿ.

ನಿಮ್ಮ ವಿಷಯದಲ್ಲಿ ದೊಡ್ಡ ಪ್ರಶ್ನೆ ಬಿಪಿಯದ್ದಲ್ಲ, ಮದುವೆಯದ್ದು. ಈ ಮಾತ್ರೆ ನುಂಗುತ್ತಿರುವಾಗ ಗರ್ಭ ನಿಂತರೆ, ಹೊಟ್ಟೆಯಲ್ಲಿರುವ ಗಂಡು ಮಗುವಿನ ಜನನಾಂಗದ ಬೆಳವಣಿಗೆಗೆ ಧಕ್ಕೆಯಾಗುವ ಅಪಾಯವಿದೆ. ಹಾಗಾಗಿ ಗರ್ಭನಿರೋಧಕ ಇಲ್ಲದೆ ಇದನ್ನು ಕೊಡುವುದಿಲ್ಲ. ಮುಟ್ಟು ತಪ್ಪೋದು ರೂಢಿಯಾಗಿರುವವರಿಗೆ ಗರ್ಭ ನಿಂತದ್ದು ಬೇಗ ಗೊತ್ತೂ ಆಗಲ್ಲ, ಅದನ್ನು ನೆನಪಿಡಿ. ಮೊದಲು ಕೊಡುವುದೂ ಸಾಮಾನ್ಯವಾಗಿ ಗರ್ಭನಿರೋಧಕ ಮಾತ್ರೆಯನ್ನೇ. ಅದು ಎಸ್‌ಎಚ್‌ಬಿಜಿ ಏರಿಸಿ, ಅಂಡಾಶಯದ ಉತ್ಪಾದನೆ ತಗ್ಗಿಸುತ್ತದೆ, ಮುಟ್ಟೂ ಸರಿಹೋಗುತ್ತದೆ. ಆರು ತಿಂಗಳಲ್ಲಿ ಸಾಲದಿದ್ದರೆ ಸ್ಪೈರೊನೊಲ್ಯಾಕ್ಟೋನ್ ಸೇರಿಸುವುದನ್ನು ಯೋಚಿಸಬಹುದು ಎನ್ನುತ್ತದೆ 2023ರ ಅಂತರರಾಷ್ಟ್ರೀಯ ಪಿಸಿಒಎಸ್ ಮಾರ್ಗಸೂಚಿ. ಸಿಗರೇಟ್ ಸೇದುವವರು, ಕಣ್ಣೆದುರು ಮಿಂಚು ಬಂದು ಮೈಗ್ರೇನ್ ಶುರುವಾಗುವವರು, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದು ಗೊತ್ತಿರುವವರು ಗರ್ಭನಿರೋಧಕ ಮಾತ್ರೆಗೆ ಮುಂಚೆ ಬಾಯಿಬಿಟ್ಟು ಹೇಳಲೇಬೇಕು. ಮೆಟ್‌ಫಾರ್ಮಿನ್ ಇನ್ಸುಲಿನ್‌ಗೆ, ಮುಟ್ಟಿಗೆ ಒಳ್ಳೆಯದು. ಗಲ್ಲದ ಕೂದಲಿಗೆ ಅದರಿಂದ ಹೆಚ್ಚು ನಿರೀಕ್ಷೆ ಬೇಡ.

ರಕ್ತ ಪರೀಕ್ಷೆ ಮಾಡಿಸುವವರಿಗೊಂದು ಮಾತು. ಕೂದಲು ದಟ್ಟವಾಗಲಿ ಅಂತ ಬಯೋಟಿನ್ ಗಮ್ಮಿ ತಿನ್ನುತ್ತಿದ್ದರೆ ಟೆಸ್ಟೋಸ್ಟೆರಾನ್ ರಿಪೋರ್ಟು ತಪ್ಪಾಗಿ ಬರಬಹುದು. ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಲ್ಯಾಬಿನಲ್ಲೇ ಕೇಳಿ. ಕೆಲವೇ ತಿಂಗಳಲ್ಲಿ ಕೂದಲು ದಿಢೀರ್ ಹೆಚ್ಚಿ ದನಿಯೂ ಗಡುಸಾದರೆ ಟೀ, ಕಷಾಯ ಅಂತ ಕಾಯಬೇಡಿ, ಆ ವಾರವೇ ಎಂಡೋಕ್ರೈನಾಲಜಿಸ್ಟ್ ಬಳಿ ಹೋಗಿ. ಅಪರೂಪಕ್ಕೆ ಗಡ್ಡೆಯಿಂದಲೂ ಹೀಗಾಗುತ್ತದೆ.

ಮದುವೆ ದಿನಕ್ಕೆ? ಥ್ರೆಡ್ಡಿಂಗ್ ಅಥವಾ ಲೇಸರ್. ಲೇಸರಿಗೆ ತಿಂಗಳಿಗೊಂದರಂತೆ ಹಲವು ಸಿಟ್ಟಿಂಗ್ ಬೇಕು, ಈಗಲೇ ಶುರು ಮಾಡಿ. ಕಪ್ಪು ಚರ್ಮವಾದರೆ ಎನ್‌ಡಿ-ಯಾಗ್ ಲೇಸರ್ ಇದೆಯಾ ಅಂತ ವಿಚಾರಿಸಿ. ಶೇವ್ ಮಾಡಿದರೆ ಕೂದಲು ದಪ್ಪ ಬರುತ್ತದೆ ಅನ್ನೋದು ಸುಳ್ಳು, ತುರ್ತಿಗೆ ರೇಜರ್ ಕೂಡ ನಡೆಯುತ್ತದೆ.

ಸ್ಪೈರೊನೊಲ್ಯಾಕ್ಟೋನ್ ಶುರುಮಾಡುವ ಮುಂಚೆ ಡಾಕ್ಟರಿಗೆ ಮದುವೆ ದಿನಾಂಕ ಹೇಳಿ, ಮಗು ಯಾವಾಗ ಬೇಕು ಅಂತಲೂ ಹೇಳಿ. ಎರಡನೇ ಪ್ರಶ್ನೆಗೆ ಉತ್ತರ ನಿಮ್ಮೊಬ್ಬರದ್ದೇ ಅಲ್ಲವಲ್ಲ, ಆದ್ದರಿಂದ ಹುಡುಗನ ಹತ್ತಿರ ಮೊದಲು ಮಾತಾಡಿ. ಸಾಧ್ಯವಾದರೆ ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋಗಿ.